ಬುತ್ತಿ ಕಟ್ಟಿಸಿಕೊಳ್ಳದ ಪ್ರವಾಸಿ

ತೊಂಬತ್ತರ ದಶಕದ ಮಾತು ನೋಡಿ. ಒಬ್ಬನೇ ನಾಲ್ಕು ದಿನ ಗೋಕರ್ಣದ ಕಡಲದಂಡೆಯಲ್ಲಿ ಇದ್ದು ಬರೋಣವೆಂದು ಸಿಂಧನೂರಿನಿಂದ ಹೊರಟಿದ್ದೆ. ಒಂದೇ ಕೈಚೀಲ, ಅದರಲ್ಲಿ ಎರಡು ಅಂಗಿ, ಒಂದು ಲುಂಗಿ, ಟವೆಲ್. ಬುತ್ತಿಯ ಭಾರವೂ ಬೇಡವೆಂದು ಹೆಂಡತಿಯೊಡನೆ ವಾದಿಸಿ ಗೆದ್ದಿದ್ದೆ.

ಮಸ್ಕಿಯಲ್ಲಿ ಬಸ್ಸು ಹತ್ತಿ ನನ್ನ ಪಕ್ಕದಲ್ಲಿ ಕೂತ ಮುದುಕಿ ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ಬಳೆ ಮಾರುವಾಕೆ. ನನ್ನ ಚೀಲವನ್ನು ಒತ್ತಿ ನೋಡಿದಳು.

"ಎಲ್ಲಿಗಿ ಹೊಂಟೀಯಪ್ಪಾ?"

"ಸಮುದ್ರಕ್ಕ, ಯವ್ವಾ."

"ಒಬ್ಬಾಂವನ? ಬುತ್ತಿ ಎಲ್ಲೈತಿ?"

"ಕಟ್ಟಿಸ್ಕೊಂಡಿಲ್ಲ."

ಆಕೆಯ ಮುಖ ಸಣ್ಣದಾಯಿತು. "ಮನ್ಯಾಗ ಜಗಳಾಡಿ ಬಂದೀಯೇನು? ಜೀವಕ್ಕೇನರ ಮಾಡ್ಕೊಂಡಿ ನೋಡು ಮತ್ತ."

ನಾನು ನಕ್ಕಷ್ಟೂ ಆಕೆಯ ಅನುಮಾನ ಹೆಚ್ಚಿತು. ಲಿಂಗಸುಗೂರಿನಲ್ಲಿ ಇಳಿಯುವಾಗ ತನ್ನ ಮಧ್ಯಾಹ್ನದ ರೊಟ್ಟಿಯ ಗಂಟನ್ನು ನನ್ನ ತೊಡೆಯ ಮೇಲಿಟ್ಟಳು.

"ಕಟ್ಟಿದ ಅರಿವಿ ನಂದು. ತಿರುಗಿ ಬರೂಮುಂದ ನನ್ನ ಕೈಯಾಗ ಕೊಟ್ಟು ಹೋಗಬೇಕು. ಆಣಿ ಮಾಡು."

ಮಾಡಿದೆ.

ಆರನೇ ದಿನ ತಿರುಗಿ ಬರುವಾಗ ಅದೇ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಅರಿವೆ ಕೊಟ್ಟಾಗ ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅರಿವೆಯನ್ನು ಮೂಸಿದಳು.

"ಬಂದೀಯಲ್ಲ, ಅಷ್ಟ ಸಾಕು. ಆದ್ರ ಇದನ್ನ ಒಗದ ಇಲ್ಲಲ್ಲೋ."

ಜೀವ ಉಳಿಸಿಕೊಂಡು ಬಂದವನಿಗೆ ಸಿಕ್ಕ ಮರ್ಯಾದೆ ಅಷ್ಟೇ.