ಧ್ರುವಪ್ರಭೆ ಮತ್ತು ದ್ವಾದಶಿಯ ಪಾಯಸ

ಪಾಯಸ ಕುದಿಯುವಾಗ ಬೋಗುಣಿಯ ಮೇಲಿನ ತಾಟು ತಾನಾಗಿಯೇ ತಾಳ ಹಾಕುವುದನ್ನು ನೀವೂ ನೋಡಿರುತ್ತೀರಿ. ಬೇರೆಯವರಿಗೆ ಅದು ಹಸಿವಿನ ಸಂಗೀತ. ದ್ವಾದಶಿಯ ಬೆಳಿಗ್ಗೆ ನನಗೆ ಮಾತ್ರ ಅದೊಂದು ಆತಂಕ. ನೈವೇದ್ಯಕ್ಕೆ ಮೊದಲು ರುಚಿ ನೋಡುವುದಿರಲಿ, ಪರಿಮಳವನ್ನು ಮೂಗಿನಿಂದ ಎಳೆದುಕೊಂಡರೂ ಅಡಿಗೆ ಎಂಜಲಾಯಿತೆನ್ನುವ ಮನೆತನ ನಮ್ಮದು. ಹಿಂದಿನ ದಿನವೆಲ್ಲ ಏಕಾದಶಿಯ ನಿರಾಹಾರ ಮಾಡಿದ ಮೂಗಿಗೆ ಬೆಲ್ಲ ಏಲಕ್ಕಿಗಳ ಸಹವಾಸ ಬೇಡವೆಂದು ಬುದ್ಧಿ ಹೇಳುವುದು ಸುಲಭವಲ್ಲ. ಆದ್ದರಿಂದ ನಾನು ಇದ್ದಿಲ ಶೇಗಡಿಯ ಮುಂದೆ ಬಾಯಿಂದಲೇ ಉಸಿರಾಡುತ್ತ, ಮೀನಿನಂತೆ ಕಾಣುತ್ತ, ಭಕ್ತಿಯಿಂದ ಅಡಿಗೆ ಮಾಡುತ್ತಿದ್ದೆ.

ಆಗ ನಾವು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಕಿಟಕಿ ಮುಚ್ಚಿದರೂ ಸಿಮೆಂಟಿನ ಧೂಳು ಒಳಗೆ ಬರುತ್ತಿತ್ತು, ತಾಟು ಮುಚ್ಚಿದರೂ ಪಾಯಸದ ಪರಿಮಳ ಹೊರಗೆ ಹೋಗುತ್ತಿತ್ತು. ಗಾಳಿಗೆ ಗೃಹಿಣಿಯ ಮಾತು ಕೇಳುವ ಅಭ್ಯಾಸವಿಲ್ಲ.

ಆ ವರ್ಷ ಮಗಳು ಮಾಲತಿ ಬಿ.ಎಸ್ಸಿ. ಮುಗಿಸಿದ್ದಳು. ಮುಂದೆ ಎಂ.ಎಸ್ಸಿ. ಓದುತ್ತೇನೆಂದು ಅವಳ ಹಠ. ಸೇಡಂ ಕಡೆಯಿಂದ ಬಂದ ಸಂಬಂಧ ಬಿಡಬಾರದೆಂದು ನನ್ನ ಅತ್ತೆಯವರ ಹಠ. ನಮ್ಮ ಮನೆಯವರು ಇಡೀ ಜಂಕ್ಷನ್ನಿನ ಗಾಡಿಗಳಿಗೆ ದಾರಿ ತೋರಿಸುತ್ತಿದ್ದರೂ ಮನೆಯೊಳಗೆ ತಾಯಿಯ ಸಿಗ್ನಲ್ಲಿಗೆ ಕಾಯುವವರು. ನಾನು ಮೆಟ್ರಿಕ್ ದಾಟದವಳು. ಮಗಳು ದಾಟಲೆಂದು ದೇವರಿಗೆ ತುಪ್ಪದ ದೀಪ ಹಚ್ಚುವುದಷ್ಟೇ ನನ್ನ ಕೈಲಿದ್ದದ್ದು.

ಒಂದು ಸಂಜೆ ಅತ್ತೆಯವರು ಅವಳನ್ನು ಕರೆದು ಕೂಡಿಸಿಕೊಂಡರು. “ಅಲ್ಲಾ, ಇನ್ನೂ ಏನ ಕಲಿಯೂದು ಉಳದದವಾ ನಿಂದು?”

ಮಾಲತಿ ಉತ್ಸಾಹದಿಂದ ಧ್ರುವಪ್ರಭೆಯ ಕಥೆ ಬಿಚ್ಚಿದಳು. ಸೂರ್ಯನಿಂದ ವಿದ್ಯುತ್ತು ತುಂಬಿದ ಕಣಗಳ ಗಾಳಿ ಬೀಸುತ್ತದಂತೆ. ಅದರ ಬಲದಿಂದ ಭೂಮಿಯ ಎರಡು ತುದಿಗಳ ಆಕಾಶದಲ್ಲಿ ಹಸಿರು, ಕೆಂಪು ಬೆಳಕಿನ ಪರದೆಗಳು ಕುಣಿಯುತ್ತವಂತೆ. ಆ ಕುಣಿತ ಜೋರಾದಾಗ ಬಹು ಎತ್ತರದ ಗಾಳಿಯಲ್ಲಿರುವ ಅಯಾನುಗಳು, ಅಂದರೆ ವಿದ್ಯುತ್ತು ಹೊತ್ತ ಕಣಗಳು, ಬಿಸಿಯಾಗಿ, ಭೂಮಿಯ ಕಾಂತಶಕ್ತಿಯ ಗೆರೆಗಳನ್ನು ಹಿಡಿದು ಮೇಲೆ ಮೇಲೆ ಹರಿದು ಭೂಮಿಯಾಚೆಗೆ ಹೋಗುತ್ತವಂತೆ. ನಾವು ಉಸಿರಾಡುವ ಆಮ್ಲಜನಕವೂ ಅವುಗಳಲ್ಲಿ ಉಂಟಂತೆ.

ಹೂಬತ್ತಿ ಹೊಸೆಯುತ್ತಿದ್ದ ಅತ್ತೆಯವರ ಕೈ ನಿಂತಿತು. “ಗಾಳಿ ಸೋರಲಿಕತ್ತದ ಅಂದ್ರ ಮುಚ್ಚವ್ರು ಯಾರೂ ಇಲ್ಲೇನು? ಇಂಥಾ ಅಪಶಕುನ ಕಲೀಲಿಕ್ಕೆ ರೊಕ್ಕಾ ಬ್ಯಾರೆ ಕೊಡಬೇಕಾ? ಸುಮ್ಮ ಸೇಡಂದವ್ರಿಗೆ ಬರ್ರಿ ಅಂತ ಹೇಳಿಕಳಸ್ರಿ.”

ಮಗಳ ಮುಖ ನೋಡಲಾಗದೆ ನಾನು ಅಕ್ಕಿ ಆರಿಸತೊಡಗಿದೆ. ಆಮೇಲೆ ಅತ್ತೆಯವರು ಬೆಳಿಗ್ಗೆ ಎದ್ದೊಡನೆ ಆಕಾಶ ನೋಡಿ, “ಇವತ್ತೆಷ್ಟ ಹೋತೋ ಏನೋ” ಎಂದು ನಿಟ್ಟುಸಿರು ಬಿಡುವುದು ರೂಢಿಯಾಯಿತು. “ಆಯಿ, ಹಂಗ ಉಸಿರು ಬಿಟ್ಟು ಖಾಲಿ ಮಾಡಬ್ಯಾಡ” ಎಂದು ಮೊಮ್ಮಗಳು ಕೆಣಕಿ ಬೈಸಿಕೊಳ್ಳುತ್ತಿದ್ದಳು.

ಮುಂದಿನ ದ್ವಾದಶಿ ಬಂತು. ನಾನು ಮಡಿಯಲ್ಲಿ ಒಲೆಯ ಮುಂದೆ. ಅತ್ತೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊಸ್ತಿಲ ಬಳಿ. ಮಡಿ ಇಲ್ಲದ ಮಾಲತಿ ಅದರಾಚೆ ನಡುಮನೆಯಲ್ಲಿ. ತಾಟು ತಾಳ ಹಾಕಿತು.

“ಆಯಿ, ಅಲ್ನೋಡು. ಕೆಂಡಾ ಜೋರಾದಂಗ ಹಬಿ ಜೋರ ಹೋಗ್ತದ. ಆದ್ರ ಪಾಯಸ ಕಮ್ಮಿ ಆಗ್ಯದೇನು? ಭೂಮೀ ಗಾಳಿನೂ ಹಂಗ. ಹೋಗೂದು ಖರೇ, ಆದ್ರ ಇರೂದರ ಮುಂದ ಅದು ಏನೂ ಅಲ್ಲ.”

ಅತ್ತೆಯವರು ಬಹಳ ಹೊತ್ತು ಹಬೆಯನ್ನೇ ನೋಡಿದರು. “ಅಂದ್ರ ಪರಿಮಳ ಅಷ್ಟ ಮ್ಯಾಲ ಹೋಗ್ತದ, ಪ್ರಸಾದ ನಮಗ ಉಳೀತದ. ಭೂಮಿತಾಯಿನೂ ನೈವೇದ್ಯ ಮಾಡ್ಲಿಕತ್ತಾಳ ಅನ್ನು.” ಆಮೇಲೆ ಕೇಳಿದರು, “ಹೋದದ್ದು ಎಲ್ಲಿಗೆ ಹೋಗ್ತದ? ತಿರುಗಿ ಬರ್ತದೋ ಇಲ್ಲೋ?”

“ಒಂದಿಷ್ಟು ಬರಬಹುದು ಅಂತಾರ ಆಯಿ. ಎಷ್ಟು ಅನ್ನೂದು ಇನ್ನೂ ಪೂರಾ ಗೊತ್ತಾಗಿಲ್ಲ.”

“ಗೊತ್ತಾಗಿಲ್ಲ ಅಂದ್ರ? ಇಷ್ಟ ದೊಡ್ಡ ಮಾತು ಅರ್ಧಾಕ್ಕ ಬಿಡ್ತಾರೇನ! ಹೋಗು, ಪೂರಾ ಕಲ್ತು ಬಂದು ನನಗ ಹೇಳು. ಸೇಡಂದವ್ರಿಗೆ ನಾ ಹೇಳ್ತೀನಿ, ಹುಡುಗಿ ಗಾಳಿ ಹಿಂದ ಹೋಗ್ಯಾಳಂತ.”

ದೊಡ್ಡ ವರಗಳನ್ನು ದೇವರು ಇಷ್ಟು ಸಣ್ಣ ಮಾತಿನಲ್ಲಿ ಕೊಟ್ಟುಬಿಡುತ್ತಾನೆಂದು ನಾನು ಎಣಿಸಿರಲಿಲ್ಲ. ಸಂತೋಷಕ್ಕೆ ತಾಟು ಎತ್ತಿದವಳು, ಬಾಯಿಯ ನೇಮ ಮರೆತು, ಎದೆ ತುಂಬ, ಮೂಗಿನಿಂದಲೇ, ಉಸಿರೆಳೆದುಕೊಂಡೆ. ಬೆಲ್ಲ, ಏಲಕ್ಕಿ, ಹುರಿದ ಹೆಸರುಬೇಳೆ!

ಅತ್ತೆಯವರು ಹಣೆ ಬಡಿದುಕೊಂಡರು. ನಾನು ಆ ಬೋಗುಣಿಯನ್ನು ಮಗಳ ಪಾಲಿಗೆಂದು ಕೆಳಗಿಳಿಸಿ, ದೇವರಿಗೆ ಮತ್ತೆ ಬೇಳೆ ತೊಳೆಯಲು ಕುಳಿತೆ.