ತವರಿನ ಒಂದು ಕದ

ಉಣ್ಣೆಯ ಕರಿಕೋಟಿನ ಮೇಲೆ ನೀರು ಚಿಮುಕಿಸಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಒತ್ತಿದಾಗ ಏಳುವ ವಾಸನೆಯನ್ನು ಯಾರೂ ಸುವಾಸನೆ ಎನ್ನಲಾರರು. ಮಳೆಯಲ್ಲಿ ನೆನೆದ ಕುರಿಯ ವಾಸನೆ ಅದು, ಜೊತೆಗೆ ಒಂದಿಷ್ಟು ಹೊಗೆ, ಒಂದಿಷ್ಟು ಡಾಂಬರು ಗುಳಿಗೆ. ಮೊನ್ನೆ ನಮ್ಮ ಓಣಿಯ ಇಸ್ತ್ರಿ ಗಾಡಿಯ ಮುಂದೆ ಹಾಯುವಾಗ ಅದು ಮೂಗಿಗೆ ಬಡಿಯಿತು, ನಾನು ಕಾಯಿಪಲ್ಲೆಯ ಚೀಲ ಹಿಡಿದುಕೊಂಡು ನಡುರಸ್ತೆಯಲ್ಲೇ ನಿಂತುಬಿಟ್ಟೆ. ಜಮಖಂಡಿಯ ನಮ್ಮ ಮನೆ, ಅದರ ಪಡಸಾಲೆ, ತೂಗುಮಣೆ, ಅಡಕತ್ತರಿಯ ಸದ್ದು ಎಲ್ಲ ಒಟ್ಟಿಗೇ ನುಗ್ಗಿ ಬಂದವು. ಇಲ್ಲದಾದ ನಿಮ್ಮ ಅಜ್ಜನ ಮನೆಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ನೀವೂ ಹೀಗೆ ಎಲ್ಲೋ ನಿಂತಿರುತ್ತೀರಿ, ಹಿಂದಿನವರು ಹಾರ್ನ್ ಹೊಡೆಯುವ ತನಕ.

ನನ್ನ ಅಜ್ಜ, ಅಂದರೆ ಅಪ್ಪನ ಅಪ್ಪ, ಜಮಖಂಡಿಯಲ್ಲಿ ವಕೀಲ. ಹುಟ್ಟಿದ್ದು ಹುನ್ನೂರಿನ ಒಕ್ಕಲುತನದ ಮನೆಯಲ್ಲಿ. ಅಣ್ಣತಮ್ಮಂದಿರ ಪೈಕಿ ನೇಗಿಲು ಹಿಡಿದರೆ ಸಾಲು ಸೊಟ್ಟಗಾಗುತ್ತಿದ್ದುದು ಅವನೊಬ್ಬನದೇ. "ಇವನ ಬಾಯಿ ಒಂದಽ ನೆಟ್ಟಗೈತಿ, ಅದರಾಗಽ ದುಡಕೊಂಡ ತಿನ್ನಲಿ" ಎಂದು ಮುತ್ತಜ್ಜ ಅವನನ್ನು ಬೆಳಗಾವಿಗೆ ಕಾಯಿದೆ ಓದಲು ಕಳಿಸಿದನಂತೆ. ನಮ್ಮದು ಬಾಗಲಕೋಟೆ ಜಿಲ್ಲೆಯಾಗಿ ಎಷ್ಟೋ ವರ್ಷವಾದರೂ ಅಜ್ಜನ ಹೆಸರಿನ ಹಲಗೆಯ ಮೇಲೆ ಜಿಲ್ಲಾ ಬಿಜಾಪುರ ಎಂದೇ ಉಳಿದಿತ್ತು. ಯಾರಾದರೂ ಬೆರಳು ಮಾಡಿ ತೋರಿಸಿದರೆ, "ಜಿಲ್ಲಾ ಸರಕಾರದ್ದು, ಹಲಗಿ ನಂದು" ಎನ್ನುತ್ತಿದ್ದ. ಬನಹಟ್ಟಿಯ ನೇಕಾರರು, ಸಾವಳಗಿಯ ರೈತರು ಬೆಳಿಗ್ಗೆಯೇ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ಮುಧೋಳದ ಕಕ್ಷಿದಾರನೊಬ್ಬ ಗೆದ್ದ ಖುಷಿಗೆ ಬೇಟೆನಾಯಿಯ ಮರಿಯೊಂದನ್ನು ತಂದುಕೊಟ್ಟಿದ್ದ. ಮೊಲದ ಬೆನ್ನು ಹತ್ತಿ ಓಡಬೇಕಾದ ಜಾತಿ ಅದು. ನಮ್ಮ ಮನೆಯಲ್ಲಿ ಅಜ್ಜನ ವಾದ ಕೇಳಿ ಕೇಳಿ ಮಲಗುವುದೊಂದನ್ನೇ ಕಲಿಯಿತು.

ಅಜ್ಜನದೊಂದು ಪದ್ಧತಿ ಇತ್ತು. ಮರುದಿನ ದೊಡ್ಡ ವಾದವಿದ್ದರೆ ಹಿಂದಿನ ಸಂಜೆ ಪಡಸಾಲೆಯಲ್ಲಿ ಅದರ ತಾಲೀಮು ನಡೆಯುತ್ತಿತ್ತು. ನ್ಯಾಯಾಧೀಶರ ಜಾಗದಲ್ಲಿ ನನ್ನ ಅಜ್ಜಿ ನೀಲವ್ವ. ಹಣೆತುಂಬ ವಿಭೂತಿ ಹಚ್ಚಿಕೊಂಡು, ತೂಗುಮಣೆಯ ಮೇಲೆ ಕೂತು, ಅಡಿಕೆ ಕತ್ತರಿಸುತ್ತ ಅವಳು ಕೇಳುವಳು. ಮಾತು ಉದ್ದವಾಯಿತೆನಿಸಿದರೆ ಅಡಕತ್ತರಿಯನ್ನು ಬರಿದೇ ಕಟಕ್ ಎನಿಸುವಳು, ಅಜ್ಜ ಬಾಯಿ ಮುಚ್ಚಬೇಕು. ದಿನವಿಡೀ "ಏ, ಇಲ್ಲಿ ನೋಡು" ಎಂದು ಅವಳನ್ನು ಕರೆಯುತ್ತಿದ್ದವನು ಆ ಹೊತ್ತಿನಲ್ಲಿ ಮಾತ್ರ "ಸಾಹೇಬ್ರ" ಎನ್ನುತ್ತಿದ್ದ. ಇನ್ನೊಂದು ನಿಯಮವೆಂದರೆ, ಮೊದಲು ಎದುರಿನವರ ವಾದವನ್ನೇ ಹೇಳಬೇಕು, ಅದೂ ಮನಸ್ಸಿಟ್ಟು. ತನ್ನ ಕಕ್ಷಿದಾರನದು ಆಮೇಲೆ. "ಅವರ ಸಂಕಟ ನನ್ನ ಬಾಯಾಗ ಬರಲಿಲ್ಲಂದ್ರ, ಅದಕ್ಕ ಉತ್ತರ ಎಲ್ಲಿಂದ ತರ್ಲಿ?" ಎನ್ನುವನು. ಒಮ್ಮೊಮ್ಮೆ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ, "ನಿಮ್ಮ ಎದುರಿನಾಂವಽ ಛಲೋ ಮಾತಾಡತಾನ್ರಿ, ನಾಳಿಗೆ ಅವನ್ನಽ ಕರಕೊಂಡ ಹೋಗ್ರಿ" ಎಂದು ತೀರ್ಪು ಕೊಡುವಳು. ಅಜ್ಜ ತಲೆ ಕೆರೆದುಕೊಂಡು ಮತ್ತೆ ಮೊದಲಿನಿಂದ ಶುರುಮಾಡುವನು.

ಆಲಮಟ್ಟಿಯ ಹಿನ್ನೀರು ಬೀಳಗಿ ಕಡೆಯ ಊರುಗಳಿಗೆ ಏರಿ ಬರುತ್ತಿದ್ದ ವರ್ಷಗಳವು. ಅಜ್ಜಿಯ ತವರು ಅಲ್ಲಿಯೇ, ಕೃಷ್ಣೆಯ ದಂಡೆಯ ಮೇಲಿತ್ತು. ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿ, ತೊಲೆ ಕಂಬಗಳನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ಹೋಗುತ್ತಿದ್ದರು. ಅಜ್ಜಿಯ ತಮ್ಮ ಗುರಪ್ಪಜ್ಜನೂ ಮನೆ ಬಿಚ್ಚತೊಡಗಿದ್ದ. ಆ ಮನೆಯ ತಲಬಾಗಿಲು ಸಾಗವಾನಿಯ ಜೋಡಿ ಕದ, ಒಂದೊಂದರ ಮೇಲೂ ಒಂದೊಂದು ಗಿಳಿ ಕೆತ್ತಿದ್ದರು. ಮದುವೆಯಾಗಿ ಹೊರಟ ದಿನ ಅಜ್ಜಿ ಆ ಕದ ಹಿಡಿದುಕೊಂಡು, ಬಿಡಿಸಿದರೂ ಬಿಡದೆ ಅತ್ತಿದ್ದಳಂತೆ. ಈಗ ಅವಳಿಗೆ ಆ ಬಾಗಿಲು ಬೇಕಿತ್ತು. ಗುರಪ್ಪಜ್ಜ ಅದು ತನ್ನ ಹೊಸ ಮನೆಗೆ ಬೇಕು ಎಂದು ಹೇಳಿ ಕಳಿಸಿದ್ದ. ಅಂದು ಸಂಜೆ ಅಜ್ಜಿ ಅಡಕತ್ತರಿಯನ್ನು ನನ್ನ ಕೈಗೆ ಕೊಟ್ಟು ತೂಗುಮಣೆಯಿಂದ ಇಳಿದಳು.

"ಇವತ್ತ ನಂದೊಂದು ಖಟ್ಲೆ ಐತ್ರಿ," ಎಂದಳು ಅಜ್ಜನಿಗೆ. ನನ್ನ ಕಡೆ ತಿರುಗಿ, "ನೀ ಸಾಹೇಬ ಆಗವಾ."

ತೂಗುಮಣೆಯ ಮೇಲೆ ಕೂತರೆ ನನ್ನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅಜ್ಜ ನಗುತ್ತ ಎದ್ದು ಗೂಟದ ಮೇಲಿನ ಕೋಟು ಹಾಕಿಕೊಂಡ, ನನಗೆ ಕೈಮುಗಿದ. ಪದ್ಧತಿಯಂತೆ ಎದುರಿನವರ ವಾದ ಮೊದಲು. "ಸಾಹೇಬ್ರ, ಗುರಪ್ಪ ಹೇಳೂದು ಇಷ್ಟು. ನಮ್ಮ ಊರು ನೀರಾಗ ಹೋತು. ಹೊಲಾ ಹೋತು, ಬಾವಿ ಹೋತು, ಗುಡಿ ಹೋತು. ಹೊಸಾ ಊರಾಗ ಎಲ್ಲಾ ಮನಿ ಒಂದಽ ನಮೂನಿ, ಗ್ವಾಡಿ ಮ್ಯಾಲೆ ನಂಬರ. ಸಂಜೀಕ ಹೊರಗಿಂದ ಬಂದಾಂವ ನನ್ನ ಮನಿ ಯಾವುದಂತ ಹೆಂಗ ಗುರುತ ಹಿಡೀಲಿ? ಅಕ್ಕಗ ಜಮಖಂಡಿ ಐತಿ, ಗಂಡ ಅದಾನ, ಮಕ್ಕಳು ಮೊಮ್ಮಕ್ಕಳದಾರ. ನನ್ನ ಕಡೆ ಊರಂತ ಉಳದದ್ದು ಒಂದ ಬಾಗಲಾ."

ಹೇಳುತ್ತ ಹೇಳುತ್ತ ಅಜ್ಜನ ದನಿಯೇ ಒದ್ದೆಯಾಗಿತ್ತು. ಆಮೇಲೆ ಕೋಟಿನ ಗುಂಡಿ ಸರಿಮಾಡಿಕೊಂಡು, "ಇನ್ನ ನೀಲವ್ವಾರ ಕಡೆಯಿಂದ" ಎಂದು ಶುರುಮಾಡುವಷ್ಟರಲ್ಲಿ ಅಜ್ಜಿ ಕೈ ಎತ್ತಿದಳು. "ಬ್ಯಾಡ್ರಿ. ಅವನ ಮಾತು ಖರೆ ಐತಿ. ಅವನಽ ಇಟಗೊಳ್ಳಲಿ," ಎಂದು ಒಲೆಯ ಕಡೆ ನಡೆದಳು. ಏನು ಮಾಡಬೇಕೋ ತಿಳಿಯದೆ ನಾನು ಅಡಕತ್ತರಿಯನ್ನು ಕಟಕ್ ಎನಿಸಿದೆ. ಊರವರ ಖಟ್ಲೆಗಳನ್ನೆಲ್ಲ ಗೆದ್ದುಕೊಟ್ಟವನು ಹೆಂಡತಿಯ ಒಂದೇ ಒಂದು ಖಟ್ಲೆಯನ್ನು ತನ್ನ ಬಾಯಿಂದಲೇ ಸೋತಿದ್ದ. ಆ ದಿನ ಅಜ್ಜ ಕೋಟು ಬಿಚ್ಚುವುದನ್ನು ಮರೆತು ಊಟಕ್ಕೆ ಕೂತ, ತೋಳಿಗೆ ಜುಣಕದ ಎಣ್ಣೆ ಹತ್ತಿದರೂ ಅಜ್ಜಿ ಬೈಯಲಿಲ್ಲ.

ಬಂದ ಭಾನುವಾರ ಅಜ್ಜ ಕೋಟಿಗೆ ಇಸ್ತ್ರಿ ಮಾಡಿಸಿಕೊಂಡು ಬೀಳಗಿ ಬಸ್ಸು ಹತ್ತಿದ. "ಕೋರ್ಟ ಸೂಟಿ ಐತಲ್ರಿ" ಎಂದು ಅಜ್ಜಿ ಕೇಳಿದರೆ "ಕೆಲಸ ಐತಿ" ಎಂದಷ್ಟೇ ಹೇಳಿದ. ಕೆಲವು ದಿನಗಳಾದ ಮೇಲೆ ಗುರಪ್ಪಜ್ಜನ ಟ್ರ್ಯಾಕ್ಟರು ನಮ್ಮ ಬಾಗಿಲಿಗೆ ಬಂತು. ಅದರಲ್ಲಿ ಒಂದು ಕದ, ಒಂದೇ ಗಿಳಿ.

"ಅಕ್ಕಾ, ಮಾಮಾ ಬಂದ ವಾದಾ ಮಾಡಿದ್ರು," ಎಂದ ಗುರಪ್ಪಜ್ಜ. "ನಾ ಅರ್ಧಾ ಸೋತೆ."

"ಒಂದ ಕದಾ ತಗೊಂಡು ಅರ್ಧಾ ಮನಿ ಮುಚ್ಚಲೇನೋ?" ಎಂದು ಅಜ್ಜಿ ನಗಲು ಹೋಗಿ, ಗಿಳಿಯ ಮೇಲೆ ಕೈಯಿಟ್ಟು ಅತ್ತುಬಿಟ್ಟಳು. ಬಡಿಗರು ಬಂದು ನಮ್ಮ ಬಾಗಿಲಿನ ಒಂದು ಕದ ತೆಗೆದು ಅಲ್ಲಿ ಇದನ್ನು ಕೂರಿಸಿದರು. ಒಂದು ಕಡೆ ತವರಿನ ಸಾಗವಾನಿ, ಇನ್ನೊಂದು ಕಡೆ ನಮ್ಮ ಬೋಳು ಬೇವಿನ ಹಲಗೆ, ನಡುವೆ ಬೆಕ್ಕು ನುಸುಳುವಷ್ಟು ಸಂದು. ತೆರೆಯುವಾಗ ಗಿಳಿಯ ಕದ ಮಗು ರಾಗ ತೆಗೆದಂತೆ ಕಿರ್ರ್ ಎನ್ನುತ್ತಿತ್ತು. "ವಕೀಲನ ಮನ್ಯಾಗ ಕದಿಯಾಕ ಏನೈತಿ, ಮಂದಿ ಜಗಳಾ ಅಷ್ಟ" ಎಂದು ಅಜ್ಜ ಸಂದನ್ನು ಮುಚ್ಚಿಸಲಿಲ್ಲ. ಸಂಜೆ ಅಡುಗೆಗೆ ಏಳುವ ಮುಂಚೆ ಅಜ್ಜಿ ಆ ಕದಕ್ಕೆ ಬೆನ್ನು ಕೊಟ್ಟು ಕೂರುವಳು, ನಾನು ಅವಳ ತೊಡೆಯ ಮೇಲೆ. ಗುರಪ್ಪಜ್ಜನ ಮುಂದೆ ಅವಳ ಪರವಾಗಿ ಅಜ್ಜ ಏನು ವಾದಿಸಿದ ಎಂದು ಎಷ್ಟು ಸಲ ಕೇಳಿದರೂ, "ಅದು ಬ್ಯಾರೆ ಕೋರ್ಟಿನ ಮಾತು" ಎಂದು ಹಾರಿಸಿಬಿಡುತ್ತಿದ್ದ. ದೊಡ್ಡ ದೊಡ್ಡ ಕಾಯಿದೆಯ ಮಾತುಗಳನ್ನು ಜೋಡಿಸಿ ಆ ವಾದವನ್ನು ನಾನೇ ಕಟ್ಟಿಕೊಂಡು ಬೆಳೆದೆ.

ಅಜ್ಜ ಹೋದ, ಹಿಂದೆಯೇ ಅಜ್ಜಿ. ಮನೆ ಪಾಲಾಯಿತು, ಬಿತ್ತು, ಈಗ ಅಲ್ಲಿ ಮೊಬೈಲ್ ಅಂಗಡಿ. ಬಿಜಾಪುರದ ಹಲಗೆ ಯಾರ ಒಲೆ ಸೇರಿತೋ ಗೊತ್ತಿಲ್ಲ. ಗಿಳಿಯ ಕದವನ್ನು ಮಾತ್ರ ಅಪ್ಪ ಗುರಪ್ಪಜ್ಜನಿಗೆ ಕಳಿಸಿಕೊಟ್ಟ. ಇಸ್ತ್ರಿಯ ವಾಸನೆ ಹತ್ತಿದ ಆ ವಾರವೇ ನಾನು ಪುನರ್ವಸತಿ ಕೇಂದ್ರಕ್ಕೆ ಹೋದೆ. ಸಾಲು ಮನೆಗಳಲ್ಲಿ ಗುರಪ್ಪಜ್ಜನ ಮನೆಯನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಎರಡು ಗಿಳಿಗಳೂ ಒಂದೇ ಚೌಕಟ್ಟಿನಲ್ಲಿದ್ದವು. ಒಂದು ಕದ ಬಿಸಿಲಿಗೆ ಬೆಳ್ಳಗಾಗಿತ್ತು, ಇನ್ನೊಂದು ಅಜ್ಜಿಯ ಬೆನ್ನು ತಲೆ ತಾಗಿದಲ್ಲಿ ಎಣ್ಣೆ ಹಿಡಿದು ಕಪ್ಪಗೆ ಹೊಳೆಯುತ್ತಿತ್ತು. ಕಟ್ಟೆಯ ಮೇಲೆ ಕಣ್ಣು ಮಂಜಾದ ಗುರಪ್ಪಜ್ಜ ಕೂತಿದ್ದ. ಅವತ್ತು ಅಜ್ಜ ಮಾಡಿದ ವಾದ ಏನು ಎಂದು ಕೇಳಿದೆ.

"ವಾದಾ ಎಲ್ಲಿ ಮಾಡಿದ್ರು," ಎಂದು ನಕ್ಕ. "ಎಲ್ಲಾದಕ್ಕೂ ನಾ ಉತ್ತರಾ ತಯಾರ ಇಟಗೊಂಡಿದ್ದೆ. ಕೋಟ ಹಾಕ್ಕೊಂಡು ಈ ಬಾಗಲ ಮುಂದ ಬಂದ ನಿಂತ್ರು. ಬಾಯಿಂದ ಮಾತಽ ಹೊಂಡವಲ್ವು. ಆಮ್ಯಾಲ ಅಂದ್ರು, ಗುರಪ್ಪಾ, ಆಕಿ ಕಡೆಯಿಂದ ಹೆಂಗ ಮಾತಾಡಬೇಕು ನನಗ ಗೊತ್ತಿಲ್ಲೋ, ಆಕಿ ಯಾವತ್ತೂ ಏನೂ ಕೇಳಿಽ ಇಲ್ಲ. ಅಷ್ಟಂದು ತೆಳಗ ನೋಡಕೋತ ನಿಂತಬಿಟ್ರು. ಮಾತಾಡಲಾರದ ವಕೀಲಗ ಏನ ಉತ್ತರಾ ಕೊಡ್ಲವಾ? ಒಂದ ಕದಾ ಬಿಚ್ಚಿದೆ."

ನನಗೆ ನಗು ಬಂತು, ಕಣ್ಣೂ ತುಂಬಿದವು. ಅಜ್ಜನ ಮೇಲೆ ಇಷ್ಟು ಪ್ರೀತಿ ನನಗೆ ಅವನಿದ್ದಾಗಲೂ ಬಂದಿರಲಿಲ್ಲ. ಒಳಗಿನಿಂದ ಯಾರೋ "ಚಾ ಆರತೈತಿ, ಬಾರವಾ" ಎಂದು ಕರೆದರು. ಅಜ್ಜಿಯ ಕದವನ್ನು ತಳ್ಳಿದೆ. ಅದು ಜಮಖಂಡಿಯಲ್ಲಿ ಮಾಡುತ್ತಿದ್ದ ಸದ್ದನ್ನೇ ಮಾಡಿತು. ಒಳಗೆ ಹೋಗದೆ, ಎಳೆದುಕೊಂಡು ಇನ್ನೊಮ್ಮೆ ತಳ್ಳಿದೆ.