ಡಬ್ಬಿಯಲ್ಲಿ ಬಂದ ಊರು

ಒಂದು ಸ್ಟೀಲ್ ಡಬ್ಬಿ ಮನುಷ್ಯನಿಗೆ ಭೂಗೋಳ, ಇತಿಹಾಸ, ಅರ್ಥಶಾಸ್ತ್ರ ಮೂರನ್ನೂ ಕಲಿಸಬಲ್ಲದೆಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಆದರೆ ಲಂಡನ್ನಿನ ಗ್ರೀನ್‌ಫರ್ಡಿನ ನಮ್ಮ ಮನೆಗೂ ಪಕ್ಕದ ಎಮಿನೆಯ ಮನೆಗೂ ನಡುವೆ ಓಡಾಡುತ್ತಿದ್ದ ಡಬ್ಬಿ ಮಾಡಿದ್ದು ಅದನ್ನೇ, ಸ್ವಾಮಿ. ವಿಜಯಪುರದವಳಾದ ನನ್ನ ಹೆಂಡತಿ ಸುಮಿತ್ರಾ ಮೊದಲು ಅದರಲ್ಲಿ ಶೇಂಗಾ ಹೋಳಿಗೆ ಕೊಟ್ಟಳು. ಎಮಿನೆ ಅದರ ತುಂಬ ಒಣ ಜರ್ದಾಳು, ಅಂದರೆ ಏಪ್ರಿಕಾಟ್ ಹಣ್ಣು, ಹಾಕಿ ಮರಳಿಸಿದಳು. ಕೊಟ್ಟವರ ಪಾತ್ರೆಯನ್ನು ಖಾಲಿ ಮರಳಿಸಬಾರದೆಂಬ ಪದ್ಧತಿ ಇಬ್ಬರ ಊರಲ್ಲೂ ಇದೆಯೆಂದು ತಿಳಿದ ಗಳಿಗೆಯಿಂದ ಆ ಡಬ್ಬಿಗೆ ವಿಶ್ರಾಂತಿಯಿಲ್ಲ, ನನ್ನ ಉದರ ವಿಸ್ತರಣೆಗೆ ವಿರಾಮವೂ ಇಲ್ಲ.

ಡಬ್ಬಿಯ ಜೊತೆಗೆ ಕಂತುಕಂತಾಗಿ ಬಂದದ್ದು ತುರ್ಕಿಯಲ್ಲಿರುವ ಎಮಿನೆಯ ಹಳ್ಳಿ. ಬೋಳುಗುಡ್ಡದ ಬುಡ, ಒಂದೇ ಹಳ್ಳ. ಹಳ್ಳದ ದಂಡೆಗೆ ಜರ್ದಾಳು ತೋಟ, ಮಳೆಯನ್ನೇ ನಂಬಿದ ಮೇಲಿನ ಹೊಲಗಳಲ್ಲಿ ಗೋಧಿ, ಕಡಲೆ. ಅಲ್ಲಿ ಹಸಿ ಕಡಲೆಯನ್ನು ಗಿಡದ ಸಮೇತ ಸುಟ್ಟು, ತುಟಿ ಕಪ್ಪು ಮಾಡಿಕೊಂಡು ತಿನ್ನುತ್ತಾರೆಂದು ಕೇಳಿದ್ದೇ ಸುಮಿತ್ರಾ, "ಅಯ್ಯ, ನಮ್ಮ ಸುಲಗಾಯಿ!" ಎಂದು ಕುಣಿದೇಬಿಟ್ಟಳು. ಊರಿನ ಗೋಡೆಗಳಲ್ಲಿ ಪ್ರಾಚೀನ ಕೆತ್ತನೆಯ ಕಲ್ಲುಗಳಿವೆಯಂತೆ. ಯಾವ ರಾಜನವೋ ಯಾವ ದೇವರವೋ ಯಾರಿಗೂ ಗೊತ್ತಿಲ್ಲ, ಕುರಿದೊಡ್ಡಿಯ ಮೂಲೆಗಲ್ಲಾಗಿ ಭದ್ರವಾಗಿವೆ. ಹಣ್ಣು ಒಣಗುವುದು ಮನೆಮನೆಯ ಮಾಳಿಗೆಯ ಮೇಲೆ. ತರುಣರು ದುಡಿಯುವುದು ಮಾತ್ರ ಇಸ್ತಾಂಬುಲಿನಲ್ಲಿ, ಲಂಡನ್ನಿನಲ್ಲಿ. ಎಮಿನೆಯ ಮನೆಯವರ ಪೈಕಿ ಊರಲ್ಲಿ ಉಳಿದವನು ಅವಳ ಅಣ್ಣ ಒಬ್ಬನೇ. ಮೈಸೂರಿನಲ್ಲಿ ಹುಟ್ಟಿ, ಇಲ್ಲಿ ವೈದ್ಯನಾಗಿ ನಿವೃತ್ತನಾಗಿ, ಹೊಲವನ್ನು ರೈಲಿನ ಕಿಟಕಿಯಿಂದಷ್ಟೇ ಬಲ್ಲ ನಾನು, ಆ ಊರಿನಲ್ಲಿ ಮಳೆ ಬಂತೇ ಎಂದು ದಿನವೂ ಫೋನು ನೋಡತೊಡಗಿದೆ.

ಹೀಗಿರುವಾಗ, ಈ ವಸಂತದಲ್ಲಿ ಒಂದು ದಿನ ಡಬ್ಬಿ ಖಾಲಿ ಬಂತು. ತೊಳೆದು ಒರೆಸಿ ನಮ್ಮ ಬಾಗಿಲ ಬಳಿ ಇಟ್ಟು, ಬೆಲ್ ಕೂಡ ಒತ್ತದೆ ಎಮಿನೆ ಹೋಗಿದ್ದಳು. ಸುಮಿತ್ರಾಳ ಮುಖ ಬಾಡಿತು. ಈ ಊರಿನಲ್ಲಿ ಅವಳಿಗಿದ್ದ ಒಬ್ಬಳೇ ಆಪ್ತ ಗೆಳತಿ. ತನ್ನಿಂದ ಏನು ತಪ್ಪಾಯಿತೋ ಎಂದು ಊಟ ಬಿಟ್ಟು ಕುಳಿತಳು. ಕೊನೆಗೆ ನಾನೇ ಹೋಗಿ ಬಾಗಿಲು ತಟ್ಟಿದೆ. ಎಮಿನೆಯ ಅಡುಗೆಮನೆಯೆಲ್ಲ ಪೆಟ್ಟಿಗೆ ಸೇರಿತ್ತು. ಅಣ್ಣನಿಗೆ ಕೈಲಾಗುತ್ತಿಲ್ಲ, ತೋಟ ನೋಡಿಕೊಳ್ಳಲು ಶಾಶ್ವತವಾಗಿ ಊರಿಗೆ ಹೊರಟಿದ್ದಾಳೆ, ಹೇಳಲು ಬಾಯಿ ಬಂದಿಲ್ಲ.

"ನಾನು ತುಂಬಿಸಿ ಕೊಟ್ಟರೆ ಸುಮಿತ್ರಾ ಮರಳಿಸಬೇಕಾಗುತ್ತದಲ್ಲ, ಡಾಕ್ಟರ್. ಯಾರ ಮನೆಗೆ ಮರಳಿಸುತ್ತಾಳೆ?" ಎಂದು ಕಣ್ಣೊರೆಸಿಕೊಂಡಳು. ಸುಮಿತ್ರಾಳಿಗೆ ಹೇಳಲು ನಾನು ಮನೆಗೆ ಓಡಿದೆ.

ವಿಷಯ ತಿಳಿದದ್ದೇ ಸುಮಿತ್ರಾ ಒಲೆ ಹಚ್ಚಿದಳು. ಹೋಳಿಗೆ ತುಂಬಿದ ಡಬ್ಬಿಯನ್ನು ಬಿಸಿಬಿಸಿಯಾಗಿಯೇ ಎಮಿನೆಯ ಕೈಗೆ ತುರುಕಿದಳು. ಸಿಟ್ಟು ಬಂದರೆ ಅವಳ ಇಂಗ್ಲಿಷ್ ಅಂತರ್ಧಾನವಾಗುತ್ತದೆ.

"ಪಾಳಿ ಈಗ ನಿಂದು. ಜರ್ದಾಳು ಹಣ್ಣಾಗ್ಲಿ, ಡಬ್ಬಿ ತುಂಬಿ ಇಡು. ನಾವಽ ಬಂದು ಒಯ್ತೀವಿ."

ನಾನು ಅನುವಾದಕ್ಕೆ ಬಾಯಿ ತೆರೆಯುವ ಮೊದಲೇ ಎಮಿನೆ ಅವಳನ್ನು ತಬ್ಬಿಕೊಂಡಿದ್ದಳು.

ಹಣ್ಣು ಮಾಗಿದೆಯೆಂದು ಮೊನ್ನೆ ಫೋಟೋ ಬಂದಿದೆ! ಲಂಡನ್ನಿನ ಆಚೆ ತುದಿಯ ಈಸ್ಟ್ ಹ್ಯಾಮಿಗೆ ದೋಸೆ ತಿನ್ನಲು ಕರೆದರೂ ಟ್ಯೂಬ್ ರೈಲು ಬದಲಿಸಬೇಕಲ್ಲ ಎಂದು ಗೊಣಗುವ ಸೋಮಾರಿ ನಾನು, ಈಗ ಪದೇಪದೇ ಪಾಸ್‌ಪೋರ್ಟ್ ತಡವಿ ನೋಡಿಕೊಳ್ಳುತ್ತಿದ್ದೇನೆ. ಆ ಮಾಳಿಗೆ ಹತ್ತಬೇಕು, ಆ ಹಳ್ಳಕ್ಕೆ ಕಾಲು ಇಳಿಬಿಡಬೇಕು, ದೊಡ್ಡಿಯ ಕಲ್ಲನ್ನು ಕೈಯಾರೆ ಮುಟ್ಟಬೇಕು. ಒಂದು ಡಬ್ಬಿಗಾಗಿ ವಿಮಾನ ಹತ್ತುವವರು ಎಲ್ಲಾದರೂ ಇದ್ದಾರೆಯೇ ಎಂದು ನೀವು ನಕ್ಕರೆ ನಗಿ, ನನಗಂತೂ ಸಂಭ್ರಮ ತಡೆಯಲಾಗುತ್ತಿಲ್ಲ. ನಾಳೆ ಬೆಳಿಗ್ಗೆ ಪ್ರಯಾಣ. ಅಷ್ಟು ದೂರ ಹೋಗಿ ಅವಳ ಮನೆಗೆ ಬರಿಗೈಲಿ ಕಾಲಿಡುವುದುಂಟೇ ಎಂದು ಸುಮಿತ್ರಾ ಒಳಗೆ ಇನ್ನೊಂದು ಡಬ್ಬಿ ತುಂಬಿಸುತ್ತಿದ್ದಾಳೆ.